ಕರ್ತನ ಭೋಜನದ ಹಿಂದಿನ ಶನಿವಾರ

ಸೆಪ್ಟೆಂಬರ್ 8, ಸೋಮವಾರ

...ಆದರೂ ಒರಾದೆಯ ಪಟ್ಟಣದ ಆ ದೊಡ್ಡ ಸಭೆಯಲ್ಲಿ ಪ್ರಸಂಗ ಚೆನ್ನಾಗಿಯೇ ಇರುತ್ತದೆ. ನಿನ್ನೆ ಅದನ್ನು ಬರೆಯದೆ ಬಿಟ್ಟೆ. ಮೆತ್ತನೆಯ ಕುರ್ಚಿ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಕೀರ್ತನೆಯ ಸಾಲು. ಕನ್ನಡಕ ಮರೆತರೂ ನಡೆಯುತ್ತದೆ. ಹೆಂಡತಿ ಸಲೋಮಿಯ ತೀರಿಕೊಂಡ ಮೇಲೆ, ಅಂದರೆ ಮಾರ್ಚ್‌ನಿಂದ, ಇದೇ ರೂಢಿ. ಶನಿವಾರ ಬಸ್ಸು, ತಂಗಿಯ ಮನೆಯಲ್ಲಿ ರಾತ್ರಿ, ಭಾನುವಾರ ಅಲ್ಲಿ ಆರಾಧನೆ. ನಮ್ಮೂರಿನ ಪುಟ್ಟ ಬ್ಯಾಪ್ಟಿಸ್ಟ್ ಸಭೆಗೆ ಕಾಲಿಟ್ಟಿಲ್ಲ.

ಕಾರಣ ಜಹರಿಯೆ. ನಮ್ಮೂರ ಸಭೆಯ ತುತ್ತೂರಿ ಬ್ಯಾಂಡಿನ ಮುಂದಾಳು. ಸಲೋಮಿಯಳನ್ನು ಸ್ಮಶಾನಕ್ಕೆ ಒಯ್ಯುವಾಗ ಶೋಕಗೀತೆಯನ್ನು ಮದುವೆ ಮೆರವಣಿಗೆಯ ಹಾಗೆ ಓಡಿಸಿಬಿಟ್ಟ. ಮೋಡ ಕವಿದಿತ್ತು, ಅವನಿಗೆ ಮನೆ ಸೇರುವ ಆತುರ. ಪೆಟ್ಟಿಗೆ ಹೊತ್ತವರು ಎಡವಿದರು. ಮರೆಯಲಾರೆ.

ಪಟ್ಟಣದವರು ಇಲ್ಲೇ ಮೆಂಬರ್ ಆಗಿಬಿಡಿ ಎನ್ನುತ್ತಾರೆ. ಆದರೆ ನಮ್ಮೂರ ಸಭೆ ಬಿಡಬೇಕು. ಅಕ್ಟೋಬರ್ ಮೊದಲ ಭಾನುವಾರದೊಳಗೆ ತಿಳಿಸುತ್ತೇನೆ ಎಂದಿದ್ದೇನೆ. ಕಾಲೇಜಿನಲ್ಲಿ ಇಂಥ ಅನುಕೂಲದ ಏರ್ಪಾಟಿಗೆ ಒಂದು ಇಂಗ್ಲಿಷ್ ಪದ ಕಲಿಸಿದ್ದರು — ಕನ್ವೀನಿಯೆಂಟ್? ಅದೇ ಇರಬೇಕು.

ಸೆಪ್ಟೆಂಬರ್ 14, ಭಾನುವಾರ, ಬಸ್ಸಿಳಿದ ಮೇಲೆ

ಮಾನ ಹೋಯಿತು. ಆರಾಧನೆಯ ನಡುವೆ ಎಲ್ಲರೂ ಮೌನ. ನಮ್ಮೂರಲ್ಲಿ ಮೌನ ಎಂದರೆ ಯಾರಾದರೂ ಎದ್ದು ಗಟ್ಟಿಯಾಗಿ ಪ್ರಾರ್ಥಿಸಬೇಕು, ಒಬ್ಬರಾದ ಮೇಲೆ ಒಬ್ಬರು. ಎದ್ದೆ. ಬಾಯಿ ಬಿಟ್ಟೆ. ಬೆಳೆದ ದ್ರಾಕ್ಷಿಗಾಗಿ ದೇವರಿಗೆ ಸ್ತೋತ್ರ ಮುಗಿಸಿ ಕಾಯಿಲೆಯವರ ಹೆಸರು ಹಿಡಿಯುವಷ್ಟರಲ್ಲಿ ಗಿಟಾರು ಶುರು.

"ತಾತಾ, ಕೂತ್ಕೊಳ್ಳಿ. ಪ್ರೋಗ್ರಾಮಲ್ಲಿ ಇದಿಲ್ಲ" ಎಂದ ಒಬ್ಬ ಹುಡುಗ. ಒಳ್ಳೆಯವನೇ. ಆಮೇಲೆ ಕಾಫಿ ತಂದುಕೊಟ್ಟ. ನಗುತ್ತಾ ಕೇಳಿದ: "ಇದೇ ಮೊದಲ ಸಲ ಬಂದಿದ್ದಾ?"

ಸೆಪ್ಟೆಂಬರ್ 23, ಮಂಗಳವಾರ

ಪಕ್ಕದ ಮನೆಯ ವೆತೂರಿಯ ಬಂದಿದ್ದಳು, ಮಡಿಲು ತುಂಬ ಪ್ಲಮ್ ಹಣ್ಣು. ಕೂರುವ ಮೊದಲೇ ನಾದಿನಿ ಸೊಫ್ರೋನಿಯಳ ಮೇಲೆ ದೂರು. ಇಬ್ಬರಿಗೂ ಒಂದು ಬೇಲಿಯ ವಿಷಯಕ್ಕೆ ಜಗಳ, ನಾನು ಮದುವೆಯಾದ ಕಾಲದಿಂದ.

"ಆದ್ರೂ ಸಭೇಲಿ ಒಂದೇ ಬೆಂಚಲ್ಲಿ ಕೂರ್ತೀಯಲ್ಲೇ" ಎಂದೆ.

"ಮತ್ತೆ? ಅವಳಿಗೋಸ್ಕರ ನನ್ನ ಬೆಂಚು ಬಿಡ್ಲಾ? ತಿಂಗಳ ಮೊದಲನೇ ಭಾನುವಾರ ಕರ್ತನ ಭೋಜನ, ಮುನಿಸು ಇಟ್ಕೊಂಡು ಆ ರೊಟ್ಟಿ, ಬಟ್ಟಲು ಮುಟ್ಟೋ ಹಾಗಿಲ್ಲ. ಹಿಂದಿನ ದಿನ ಅವಳ ಬಾಗಿಲಿಗೆ ಹೋಗ್ತೀನಿ, ಇಲ್ಲಾ ಅವಳು ಬರ್ತಾಳೆ. ಕ್ಷಮಿಸು ಅಂತೀವಿ, ಅಳ್ತೀವಿ. ಬುಧವಾರದ ಹೊತ್ತಿಗೆ ಮತ್ತೆ ಶುರು!" ಬಿದ್ದು ಬಿದ್ದು ನಕ್ಕಳು. "ನೀನು ಪಟ್ಟಣದಲ್ಲಿ ರೊಟ್ಟಿ ತಗೊಳ್ತೀಯಲ್ಲ ಅಕ್ಸೆಂತೆ, ಅದಕ್ಕೆ ಮುಂಚೆ ಯಾರ ಹತ್ರ ರಾಜಿ ಆಗ್ತೀಯ?"

"ಅಲ್ಲಿ ನನಗೆ ಯಾರ ಜತೆಗೂ ಜಗಳ ಇಲ್ಲ."

"ಅಯ್ಯೋ ಪಾಪ, ಅದೇ ನಿನ್ನ ಕಾಯಿಲೆ. ಹೋಟ್ಲಲ್ಲಿ ಉಣ್ಣೋನು ನೀನು. ತಟ್ಟೆ ತೊಳೆಯೋ ಗೊಡವೆ ಇಲ್ಲ, ಪಕ್ಕದೋನ ಕೆಮ್ಮೂ ನಿಂದಲ್ಲ."

ಒಂದು ಪ್ಲಮ್ ತೆಗೆದು ಕಚ್ಚಿದೆ. ಹಣ್ಣು ಸಿಹಿಯಾಗಿತ್ತು.

ಅಕ್ಟೋಬರ್ 2, ಗುರುವಾರ

ಸೊಫ್ರೋನಿಯ ಹೋದಳು. ನಿದ್ರೆಯಲ್ಲೇ ಅಂತೆ. ಇವತ್ತು ಮಣ್ಣು ಕೊಟ್ಟರು. ವೆತೂರಿಯ ಎರಡು ರಾತ್ರಿ ಶವದ ಪಕ್ಕ ಕೂತಿದ್ದಳು. ಸ್ನಾನ ಮಾಡಿಸಿ ತಲೆ ಬಾಚಿದ್ದೂ ಅವಳೇ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ.

ಮೆರವಣಿಗೆ ನಮ್ಮ ಗೇಟಿನ ಮುಂದೆ ಹಾದುಹೋಯಿತು. ಜಹರಿಯೆಯ ತುತ್ತೂರಿ, ಹಿಂದೆ ಉಳಿದವರು. ಮತ್ತೆ ಅದೇ ಓಟ! ರಕ್ತ ಕುದಿಯಿತು. ಆಮೇಲೆ ಕಣ್ಣಿಟ್ಟು ನೋಡಿದೆ. ಮೋಡವಿಲ್ಲ, ಮಳೆಯಿಲ್ಲ. ಅವನ ಮುಖ ಕೆಂಪಾಗಿತ್ತು. ಊದುತ್ತಲೇ ಮೊಣಕೈ ಬೀಸಿ ಹಿಂದಿನವರನ್ನು ತಡೆಯುತ್ತಿದ್ದ. ಓಟ ನಿಲ್ಲುತ್ತಿರಲಿಲ್ಲ. ಹೇಗೆ ನಿಂತೀತು? ಬ್ಯಾಂಡಿನ ಹೆಜ್ಜೆಯನ್ನು ಹಿಡಿದಿಡುವುದು ಬಾಸು — ಆ ದೊಡ್ಡ ಕೊಂಬು. ಇಷ್ಟು ವರ್ಷ ಅದನ್ನು ಊದಿದವನು ನಾನು. ಸಲೋಮಿಯಳ ದಿನ ನಾನು ಅವಳ ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದೆ. ಊದಲು ಯಾರಿದ್ದರು...



ಅಕ್ಟೋಬರ್ 4, ಶನಿವಾರ

ಬಸ್ಸು ಹತ್ತಲಿಲ್ಲ. ಜಹರಿಯೆಯ ಅಂಗಳಕ್ಕೆ ಹೋದೆ. ಒಲೆಯ ಮೇಲೆ ಕಡಾಯಿ ಇಟ್ಟು ಪ್ಲಮ್ ಕುದಿಸುತ್ತಿದ್ದ, ಚಳಿಗಾಲದ ಜಾಮಿಗೆ. ಬೆಳಗಿನಿಂದ ಸಂಜೆವರೆಗೆ ತಿರುವುತ್ತಲೇ ಇರಬೇಕು, ಕೈ ಬಿಟ್ಟರೆ ತಳ ಹಿಡಿಯುತ್ತದೆ. ತಲೆಯೆತ್ತದೆ ಹೇಳಿದ: "ಬಂದ್ಯಾ? ಹಿಡಿ ಇದನ್ನ. ಭುಜ ಬಿದ್ದುಹೋಯ್ತು."

ಹಿಡಿದು ತಿರುವಿದೆ.

"ಜಹರಿಯೆ, ಅವತ್ತು..."

"ಅವತ್ತು ನಿನ್ನ ಹೆಂಡತೀನ ಅಟ್ಟಿಸಿಕೊಂಡು ಹೋದ ಹಾಗಾಯ್ತು. ಎಷ್ಟು ಎಳೆದರೂ ನಿಲ್ಲಲಿಲ್ಲ ಕಣೋ."

"ಬಂದು ಹೇಳಬಾರದಿತ್ತಾ?"

"ಬರಲಿಲ್ವಾ? ಭೋಜನದ ಹಿಂದಿನ ಶನಿವಾರ ಪ್ರತಿ ತಿಂಗಳೂ ಬಂದೆ. ನಿನ್ನ ನಾಯಿಗೇ ನನ್ನ ಗುರುತು ಸಿಕ್ತು. ನೀನು ಪಟ್ಟಣದಲ್ಲಿ."

ಒಳಗಿನಿಂದ ಅವನ ಹೆಂಡತಿ ಕೂಗಿದಳು: "ಅಣ್ಣಾ, ಅದನ್ನೂ ಕೇಳು! ಮಾರ್ಚ್‌ನಿಂದ ಈ ಮನುಷ್ಯ ರೊಟ್ಟಿ ಮುಟ್ಟಿಲ್ಲ. ಬಟ್ಟಲು ಬಂದರೆ ಪಕ್ಕದವರಿಗೆ ದಾಟಿಸಿಬಿಡ್ತಾರೆ!"

"ಸುಮ್ನಿರೇ. ಸಭೆಯ ಒಬ್ಬ ಸಹೋದರ ಮುನಿಸಿಕೊಂಡಿರುವಾಗ ಹೇಗೆ ತಗೊಳ್ಳೋದು?"

ಸೌಟು ನಿಂತಿತು. ಮಾರ್ಚ್‌ನಿಂದ. ನಾನು ಅಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತು, ರೊಟ್ಟಿ ಕೊಟ್ಟಾಗಲೆಲ್ಲ ತೆಗೆದುಕೊಂಡೆ. ಇಲ್ಲಿ ಇವನು ನನ್ನ ಪಾಲಿನ ಹಸಿವನ್ನೂ ತಾನೇ ಹೊತ್ತು ಕೂತಿದ್ದ. ದೊಡ್ಡ ಪ್ರಸಂಗಗಳಲ್ಲಿ ಪ್ರೀತಿಯ ಬಗ್ಗೆ ಎಷ್ಟು ಕೇಳಿದೆ! ಇಂಥದು ಕೇಳಿರಲಿಲ್ಲ.

"ತಿರುವೋ, ತಳ ಹಿಡೀತದೆ!" ಎಂದು ಗದರಿದ. ಇಬ್ಬರೂ ಅತ್ತೆವು. ಹೊಗೆ ಎಂದ.

ನಾಳೆ ಆರಾಧನೆಗೆ ಮುಂಚೆ ಎದ್ದು ನಿಂತು ಹೇಳಬೇಕು ಎಂದ ಜಹರಿಯೆ, ನಾನು ಈ ಸಭೆಯವನೇ ಅಂತ. ಒಪ್ಪಿದೆ. ಪಟ್ಟಣದ ಸಭೆಗೂ ಫೋನ್ ಮಾಡಿ ಮೆಂಬರ್ ಆಗುವುದಿಲ್ಲ ಎಂದೆ. ಒಳ್ಳೆಯ ಮಾತಾಡಿ ಆಶೀರ್ವದಿಸಿದರು. ಅವರಿಗೂ ದೇವರು ಒಳ್ಳೆಯದು ಮಾಡಲಿ.

ಬಾಸು ತೆಗೆದುಕೊಂಡು ಬಾ, ಕಡಾಯಿ ಇಳಿಸುವವರೆಗೆ ಪ್ರಾಕ್ಟೀಸ್ ಮಾಡೋಣ ಎಂದು ಕಳಿಸಿದ. ಅದಕ್ಕೇ ಮನೆಗೆ ಬಂದವನು ಬರೆಯುತ್ತ ಕೂತುಬಿಟ್ಟೆ. ನಾಳೆ ಏನು ಹೇಳುವುದು ಎಂದು ಯೋಚಿಸುತ್ತ... ಅಯ್ಯೋ, ಬೆಳಕು ಹೋಗುತ್ತಿದೆ. ಸಾಲೇ ಕಾಣುತ್ತಿಲ್ಲ. ಅಲ್ಲಿ ಕಡಾಯಿ ತಿರುವಲು ಅವನೊಬ್ಬನೇ, ಭುಜ ಬೇರೆ ಬಿದ್ದುಹೋಗಿದೆ, ನಾನು ಓಡಬೇಕು —