ಮಿಕ್ಕ ರೇಷ್ಮೆ, ಒಂದೇ ಮಡಿಕೆ

೧೧ ಫೆಬ್ರವರಿ ೨೦೨೫, ಮಂಗಳವಾರ. ಮದ್ದೂರು

ಹೆಂಡತಿ ಚಿಕ್ಕತಾಯಿಯನ್ನು ಗಿರಾಕಿಯ ಮುಂದೆ ಪೆದ್ದಿ ಅಂದೆ. ಅನ್ನಬಾರದಿತ್ತು.

ರವಿಕೆ ಹೊಲಿದು ಮಿಕ್ಕ ಬಟ್ಟೆ ದರ್ಜಿಗೆ. ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಇವತ್ತು ಬಂದ ಗಿರಾಕಿ ಆಮ್ನಾಳ ಹಸಿರು ರೇಷ್ಮೆಯಲ್ಲಿ ಮೊಳದಷ್ಟು ಮಿಕ್ಕಿತ್ತು. ಚಿಕ್ಕತಾಯಿ ಅದನ್ನು ಒಳಗಿನಿಂದ ತಂದು, "ತಕಳವ್ವ, ಇದೂ ನಿಂದೇಯ. ಮಗೀಗೊಂದು ಲಂಗ ಆಯ್ತದೆ" ಅಂತ ಕೊಟ್ಟೇಬಿಟ್ಟಳು. ಆಮ್ನಾ ನನ್ನ ಮುಖ ನೋಡಿದಳು. ಮೈ ಉರಿದುಹೋಯಿತು.

"ಈ ಪೆದ್ದಿಗೆ ಎಲ್ಲಿ ಏನು ಮಾತಾಡ್ಬೇಕು ಅಂತ್ಲೇ ಗೊತ್ತಿಲ್ಲ ಕಣಮ್ಮ" ಅಂದೆ.

ಮಂಡ್ಯದ ಕಾಲೇಜಿನಿಂದ ಬಂದ ಮೊಮ್ಮಗಳು ಸಿಂಚನಾ ಬಾಗಿಲಲ್ಲೇ ಕೇಳಿಸಿಕೊಂಡಳು. ಹಳೇ ಗ್ರೀಕರಲ್ಲಿ ಹಾಪ್ಲೊಟೇಸ್ ಅನ್ನುವ ಪದ ಇದೆಯಂತೆ. ಸರಳತನ ಅಂತ ಅರ್ಥ. ಒಂದೇ ಮಡಿಕೆ ಅನ್ನುವ ಮಾತಿನಿಂದ ಹುಟ್ಟಿದ್ದಂತೆ. ಒಳಗೊಂದು ಹೊರಗೊಂದು ಇಲ್ಲದ್ದು. ಮನಸಾರೆ ಕೈಯೆತ್ತಿ ಕೊಡುವುದಕ್ಕೂ ಅದೇ ಪದವಂತೆ.

"ಅಜ್ಜಿ ಅಂಗೆ ಕಣ್ ತಾತ. ನೀನು ಅದುನ್ನ ಪೆದ್ದತನ ಅಂತೀಯ."

"ನಾಕನೇ ಕ್ಲಾಸಿನೋನ್ಗೆ ಗ್ರೀಕು ಹೇಳ್ಬ್ಯಾಡ, ಓಗು" ಅಂದೆ. ಆದರೆ ಆ ರೇಷ್ಮೆಯನ್ನು ನಾಲ್ಕು ಮಡಿಕೆ ಮಾಡಿ ಒಳಗೆ ಬಟ್ಟೆ ಕತ್ತರಿಸುವ ಹಲಗೆಯಡಿ ತುರುಕಿದ್ದವನು ನಾನೇ.

ರಾತ್ರಿ ಚಿಕ್ಕತಾಯಿ ಮುದ್ದೆ ಬಡಿಸಿ, "ಉಣ್ಣಿ, ಸಾರು ಆರೋಯ್ತದೆ" ಅಂದಳು. ಆ ಮಾತಿನ ಅಡಿಯಲ್ಲಿ ಕೋಪ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ. ಎರಡು ಬೈದಿದ್ದರೆ ನಾನೂ ಬೈದು ಮಲಗುತ್ತಿದ್ದೆ.

ತಪ್ಪಾಯಿತು ಅನ್ನಬೇಕು. ಅಷ್ಟು ಹೇಳುವುದಕ್ಕೂ ಯಾವ ನೆಪ ಸೇರಿಸಲಿ ಅಂತ ಯೋಚಿಸುತ್ತಾ ಕೂತಿದ್ದೇನೆ. ಅವಳಾಗಿದ್ದರೆ ಇಷ್ಟು ಹೊತ್ತಿಗೆ ತಪ್ಪಾಯಿತು ಅಂದು ಮಲಗಿರುತ್ತಿದ್ದಳು.