ಗೆರೆ ಮುಟ್ಟಿದ ಸುದ್ದಿ

ಫೆಬ್ರವರಿ ೩೦, ೨೧೪೮
ಡೋಣಿ ಹೊಳೆಯ ದಂಡೆ, ವಿಜಯಪುರ ಸೀಮೆ

ಅಂಬಿಕಾಗೆ,

ಮೇಲಿನ ತಾರೀಖು ನಿನಗೆ ತಪ್ಪಾಗಿ ಕಾಣಬಹುದು. ತಿಂಗಳುಗಳನ್ನೆಲ್ಲ ಒಂದು ಅಳತೆಗೆ ತಂದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಬರವಣಿಗೆಯಲ್ಲಿ ನೀನು ಕೇಳದ ಪದಗಳು ನುಸುಳಿದರೆ ಮನ್ನಿಸು. ಇನ್ನೊಂದು ಮುಜುಗರವೂ ಇದೆ. ನೀನು ನನ್ನ ಮುತ್ತಜ್ಜಿ. ನಿನ್ನ ತೊಡೆಯ ಮೇಲೆ ಬೆಳೆದವಳು ನಾನು, ನೇಸರಾ. ಆದರೆ ಈಗ ಬರೆಯುತ್ತಿರುವುದು ಹದಿನೇಳರ ನಿನಗೆ, ಮತ್ತು ನನಗೆ ಆಗಲೇ ಅರವತ್ತು ದಾಟಿದೆ. ಅಜ್ಜಿ ಎನ್ನಲು ಬಾಯಿ ಬಾರದು, ಹುಡುಗಿ ಎನ್ನಲು ಧೈರ್ಯವಿಲ್ಲ. ಹೆಸರು ಹಿಡಿದೇ ಕರೆಯುತ್ತೇನೆ.

ನಮ್ಮ ಕಾಲದಲ್ಲಿ ಬಿಸಿಲು ಏರುತ್ತಲೇ ಊರಿನ ಬಾಗಿಲುಗಳೆಲ್ಲ ಮುಚ್ಚುತ್ತವೆ. ಅದಕ್ಕೆ ಬಿಸಿಲುಕದ ಎನ್ನುತ್ತೇವೆ. ಸಂಜೆ ಕದ ತೆರೆದ ಮೇಲೆ ಜನ ನೆರಳುದಾರಿಗೆ ಇಳಿಯುತ್ತಾರೆ. ಬೀದಿಗಳಿಗೆಲ್ಲ ಬಿಸಿಲಿನಿಂದ ವಿದ್ಯುತ್ ಹೀರುವ ಚಪ್ಪರ ಹಾಕಿದ್ದೇವೆ, ಅದರ ಕೆಳಗೆ ತಂಪು. ಬಂಡಿಗಳು ತಾವೇ ಓಡುತ್ತವೆ, ಯಾರಿಗೂ ಗುದ್ದುವುದಿಲ್ಲ. ಜೋಳದ ರೊಟ್ಟಿ ಇನ್ನೂ ಇದೆ, ಬಡಿಯುವ ಸದ್ದು ಮಾತ್ರ ಇಲ್ಲ. ಮಕ್ಕಳು ತಂಪುಮನೆ ಎಂಬ ದೊಡ್ಡ ಹಜಾರದಲ್ಲಿ ಆಡುತ್ತಾರೆ. ಅಲ್ಲಿ ಸೈಕಲ್ಲುಗಳೂ ಇವೆ, ನೆಲಕ್ಕೆ ಬಿಗಿದಿಟ್ಟವು. ಗೋಡೆಯ ಮೇಲೆ ರಸ್ತೆ ಓಡುತ್ತದೆ, ಮಗು ಕೂತಲ್ಲೇ ತುಳಿಯುತ್ತದೆ. ಯಾರೂ ಬೀಳುವುದಿಲ್ಲ, ಯಾರ ಮೊಣಕಾಲೂ ತರಚುವುದಿಲ್ಲ. ನನ್ನ ಮೊಮ್ಮಗಳು ಮೊನ್ನೆ, "ಹಿಂದಿನವರು ಖರೇನ ಮುಂದಕ್ಕ ಹೋಗ್ತಿದ್ರಾ?" ಎಂದು ಕೇಳಿದಳು. ಹೌದೆಂದೆ. ನಿನ್ನ ಕಥೆ ಹೇಳಿದೆ, ನಿನ್ನ ಅಪ್ಪನದನ್ನೂ ಹೇಳಿದೆ. ಅವಳು ಮಲಗಿದ ಮೇಲೆ ಮನಸ್ಸು ತಡೆಯದೆ ಬರೆಯಲು ಕೂತೆ.

ನಿನ್ನ ಅಪ್ಪ ಚನ್ನಮಲ್ಲಪ್ಪ ಝಳಕಿಯವರನ್ನು ನಾನು ಕಂಡಿಲ್ಲ. ನೀನು ಹೇಳಿದಷ್ಟೇ ಬಲ್ಲೆ. ಅಗ್ನಿಶಾಮಕ ಠಾಣೆಯ ನೌಕರಿ. ಜೋಳದ ಕಣಕಿ ಬಣವೆಗೆ ಬೆಂಕಿ ಬಿದ್ದರೂ ಅವರೇ, ಬಾವಿಗೆ ಎಮ್ಮೆ ಬಿದ್ದರೂ ಅವರೇ. ಡ್ಯೂಟಿ ಇಲ್ಲದ ಬೆಳಗುಗಳಲ್ಲಿ ಊರ ಮಕ್ಕಳನ್ನು ಸೈಕಲ್ ಹತ್ತಿಸಿ ಹೆದ್ದಾರಿಗೆ ಕರೆದೊಯ್ಯುತ್ತಿದ್ದರು. ನಿನ್ನ ಅವ್ವ ಕಸ್ತೂರಿಯ ಹಳೆಯ ಕೆಂಪು ಸೀರೆಯ ತುಂಡೊಂದನ್ನು ಕೋಲಿಗೆ ಕಟ್ಟಿ, ಲಾರಿಗಳು ಮಕ್ಕಳ ಹತ್ತಿರ ಬಾರದಂತೆ ಬೈಕಿನಲ್ಲಿ ಹಿಂದೆ ಹಿಂದೆ ಬರುತ್ತಿದ್ದರು. ಮಕ್ಕಳಿಗೆಂದೇ ಒಂದು ಟ್ರ್ಯಾಕ್ ಬೇಕೆಂದು ಕಚೇರಿ ಕಚೇರಿ ಅಲೆದರು. ಹಾಗಿದ್ದರೂ ಮನೆ ಮರೆತವರಲ್ಲ. ಠಾಣೆಯಿಂದ ಬಂದವರೇ ಅವ್ವನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಸೊಟ್ಟ ಚಪಾತಿ ಲಟ್ಟಿಸಿ ನಿಮ್ಮನ್ನು ನಗಿಸುತ್ತಿದ್ದರಂತೆ.

ರಾಜ್ಯಮಟ್ಟದ ಸೈಕಲ್ ರೇಸಿನ ದಿನದ ವಿಷಯ ನಿನಗೆ ಹೋದ ವಾರದ್ದು, ಇನ್ನೂ ಹಸಿಯಾದದ್ದು. ಅಪ್ಪ ರಜೆ ಹಾಕಿದ್ದರು. "ರೇಸ್ ಮುಗಿಯೂ ಗೆರಿ ಮ್ಯಾಲ ನಿಂತಿರ್ತೀನಿ, ಅಂಬಿ. ನೀ ತಲಿ ಎತ್ತಿದ್ರ ಮೊದಲ ನಾನ ಕಾಣಬೇಕು," ಎಂದಿದ್ದರು. ರೇಸು ಶುರುವಾಗಿ ನೀವೆಲ್ಲ ಹೊರಟ ಸ್ವಲ್ಪ ಹೊತ್ತಿಗೆ ಠಾಣೆಯಿಂದ ಫೋನು ಬಂತು. ಮೇಲೆಲ್ಲೋ ಸುರಿದ ಮಳೆಗೆ ಡೋಣಿ ಉಕ್ಕಿ ಹೊಲಗಳಿಗೆ ನುಗ್ಗಿತ್ತು. ಕೂಲಿಗೆ ಹೋದ ಹೆಣ್ಣುಮಕ್ಕಳು ಪಂಪ್‌ಹೌಸಿನ ಮಾಳಿಗೆ ಹತ್ತಿ ಕೂತಿದ್ದರು. ಅಪ್ಪ ಅಲ್ಲಿಂದಲೇ ಹೊರಟುಹೋದರು. ನೀನು ಎಲ್ಲರಿಗಿಂತ ಮೊದಲು ಬಂದೆ. ತಲೆ ಎತ್ತಿದಾಗ ಅವರಿರಲಿಲ್ಲ.

ಮರುದಿನ ಮೈಯೆಲ್ಲ ಕೆಸರಾಗಿ, ಚಳಿಜ್ವರದಲ್ಲಿ ನಡುಗುತ್ತ ಅವರು ಮನೆಗೆ ಬಂದರು. ಬಾಗಿಲಲ್ಲೇ ನಿಂತು, "ಹೆಂಗಾತವ್ವಾ?" ಎಂದು ಕೇಳಿದರು. ನೀನು, "ನಿನಗ ಊರ ಮಂದಿ ಮಕ್ಕಳಷ್ಟ ಮಕ್ಕಳು. ನಾ ನಿನಗ ಯಾರು?" ಎಂದೆ. ಅವರು, "ತಪ್ಪಾತವ್ವಾ," ಎಂದರು. ನೀನು ಸೈಕಲ್ಲನ್ನು ಅಟ್ಟಕ್ಕೆ ಹಾಕಿಸಿದೆ.

ಮುಂದಿನದು ನಿನಗಿನ್ನೂ ಗೊತ್ತಿಲ್ಲ. ಸಿಟ್ಟು ಇಳಿಯಿತು, ಮಾತು ಶುರುವಾಯಿತು. ನೀನು ನರ್ಸ್ ಆದೆ, ಅದೇ ಊರಲ್ಲಿ ಸಂಸಾರ ಹೂಡಿದೆ, ಅಪ್ಪ ನಿನ್ನ ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಎಲ್ಲ ಮಾತಾಡಿದಿರಿ, ಆ ರೇಸಿನ ಮಾತೊಂದನ್ನು ಬಿಟ್ಟು. ಅವರು ಆಗಾಗ, "ಒಂದ್ ಸುತ್ತು ಬರ್ತೀಯೇನ, ಅಂಬಿ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ನಿನಗೆ ಏನೋ ಕೆಲಸವಿರುತ್ತಿತ್ತು. ಅವರು ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ಟ್ರ್ಯಾಕ್ ಆಯಿತು. ಮೊದಲ ಸುತ್ತು ನೀನು ಹೊಡೆಯಬೇಕೆಂದು ಅವರಿಗೆ ಆಸೆ. ನೀನು ಆಸ್ಪತ್ರೆಯಲ್ಲಿ ಡ್ಯೂಟಿ ಇದೆ ಎಂದೆ. ಡ್ಯೂಟಿ ಇತ್ತು, ಸುಳ್ಳಲ್ಲ; ಆದರೆ ಬದಲಾಯಿಸಿಕೊಳ್ಳಬಹುದಿತ್ತು ಎಂದು ನೀನೇ ನನಗೆ ಹೇಳಿದ್ದೆ. ಅದೇ ವರ್ಷ, ಮಗುವೊಂದರ ಸೈಕಲ್ ಸೀಟು ಏರಿಸಿಕೊಡುತ್ತಿದ್ದವರು ಹಾಗೆಯೇ ಎದೆ ಹಿಡಿದು ಕೂತರು. ಮತ್ತೆ ಏಳಲಿಲ್ಲ.

ಅವರನ್ನು ಮಣ್ಣು ಮಾಡಲು ಊರಿಗೆ ಊರೇ ಬಂತು. ಎಲ್ಲ ಮುಗಿದ ಮೇಲೆ ಗುರುತಿಲ್ಲದ ಹೆಂಗಸೊಬ್ಬಳು ನಿನ್ನ ಹತ್ತಿರ ಬಂದು ಕೂತಳು. ಬಂಗಾರೆವ್ವ ಎಂದು ಅವಳ ಹೆಸರು. ಅವತ್ತು ಪಂಪ್‌ಹೌಸಿನ ಮಾಳಿಗೆಯ ಮೇಲೆ ತನ್ನ ಪುಟ್ಟ ಮಗಳೊಂದಿಗೆ ಸಿಕ್ಕಿಬಿದ್ದಿದ್ದವಳು.

"ನೀವ ಏನ್ರಿ ಅಂಬಿ?" ಎಂದು ಕೇಳಿದಳು. ನೀನು ಹೌದೆಂದೆ.

"ಹಗ್ಗ ಕಟ್ಟಿ ಇಳಸೂಮುಂದ ನನ್ನ ಮಗಳು ನೀರು ನೋಡಿ ಚೀರಾಕ ಹತ್ತಿದ್ಲು. ನಿಮ್ಮಪ್ಪಾರು ಅಕಿನ್ನ ಬೆನ್ನಿಗೆ ಕಟ್ಕೊಂಡು ನಿಮ್ಮ ರೇಸಿನ ಕಥಿ ಸುರು ಮಾಡಿದ್ರು. ಈಗ ನಮ್ಮ ಅಂಬಿ ಹಳ್ಳದ ಸೇತುವಿ ದಾಟಿದ್ಲು, ಈಗ ಏರು ಹತ್ತಾಕತ್ಯಾಳ, ಹಿಂದಿನವ್ರು ಹತ್ರ ಬಂದ್ರು, ಹೊಡಿ ಅಂಬಿ, ಹೊಡಿ ಅಂತ. ನನ್ನ ಮಗಳೂ ಅಳೂದು ಬಿಟ್ಟು ಹೊಡಿ ಅಂಬಿ ಅಂತ ಕೂಗಾಕ ಹತ್ತಿದ್ಲು. ನೀರು ಎದಿಮಟ ಇತ್ರಿ. ಕಥಿಯೊಳಗ ಕೊನೀ ತಿರುವಿಗೆ ನೀವು ಬರೂದಕ್ಕ ನಾವು ದಂಡಿಗೆ ಬಂದ್ವಿ. ಮಗಳು, ಮುಂದ ಏನಾತು, ಗೆದ್ದಳೇನು ಅಂತ ಕೇಳಿದ್ಲು. ಅದನ್ನ ನಾ ಹೇಳಾಂಗಿಲ್ಲವ್ವಾ, ಮನಿಗೆ ಹೋಗಿ ಅಕಿ ಬಾಯಿಲೇ ಕೇಳ್ತೀನಿ ಅಂದ್ರು."

ಬಂಗಾರೆವ್ವ ಅಷ್ಟು ಹೇಳಿ ನಿನ್ನ ಮುಖ ನೋಡಿದಳು. "ಏನಂದ್ರಿ ನೀವು, ಅವರು ಬಂದು ಕೇಳಿದಾಗ?"

ನೀನು ಎದ್ದುಹೋದೆ.

ಆಮೇಲೆ ಅಟ್ಟದಿಂದ ಸೈಕಲ್ ಇಳಿಸಿದೆ. ತಲೆ ನರೆತ ಮೇಲೆ ಟ್ರ್ಯಾಕಿಗೆ ಇಳಿದು, ಅಪ್ಪ ಬಿಟ್ಟುಹೋದ ಮಕ್ಕಳಿಗೆ ಕೈಲಾಗುವವರೆಗೆ ಸೈಕಲ್ ಕಲಿಸಿದೆ. ಜನ ನಿನ್ನನ್ನು ಹೊಗಳಿದರು. ನೀನು ಮಾತ್ರ ಕೊನೆಗಾಲದಲ್ಲಿ ನನ್ನ ಕೈ ಹಿಡಿದು, "ಗೆದ್ದ ಸುದ್ದಿ ಮಂದಿ ಬಾಯಿಲೇ ಕೇಳಿದ ನಮ್ಮಪ್ಪ," ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಸಮಾಧಾನ ಮಾಡಲು ನನಗೆ ಬರಲಿಲ್ಲ. ಆಗ ನಾನು ತೀರ ಚಿಕ್ಕವಳು. ಈಗಲೂ ಬರುವುದಿಲ್ಲ.

ಈ ಪತ್ರ ನಿನ್ನನ್ನು ಮುಟ್ಟುವುದಿಲ್ಲವೆಂದು ಬಲ್ಲೆ. ಮುಟ್ಟಿದ್ದರೆ ನೀನು ಅಷ್ಟು ನೊಂದು ಹೋಗುತ್ತಿರಲಿಲ್ಲ. ಆದರೂ ಬರೆಯದೆ ಇರಲಾಗಲಿಲ್ಲ. ಇಷ್ಟನ್ನು ಮಾತ್ರ ಬೇಡುತ್ತೇನೆ, ಅಂಬಿಕಾ. ಅಪ್ಪನಿಗೆ ಇನ್ನೂ ಜ್ವರ ಬಿಟ್ಟಿರಲಿಕ್ಕಿಲ್ಲ. ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿರಬೇಕು. ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತುಕೋ. ಕೊನೆಯ ತಿರುವಿನಿಂದ ಹೇಳಿದರೆ ಸಾಕು. ಅಲ್ಲಿಯವರೆಗಿನದು ಅವರಿಗೆ ಗೊತ್ತಿದೆ.

ನಿನ್ನ
ನೇಸರಾ