ಹಿಂದೆ ಕೂತು ನೋಡಿದ ಗಾಡಿ

ಕೂಸೇ ಅಭಿಜ್ಞಾ,

ಹೆಗಡೆಕಟ್ಟಾದಿಂದ ಕಾನಸೂರಿಗೆ ಬೈಕ್ ಹತ್ತಿದರೆ ಎಷ್ಟು ಹೊತ್ತು? ಆದರೂ ಕಾಗದ ಬರೆಯುತ್ತಿದ್ದೇನೆ. ನಿನ್ನ ಮುಖ ನೋಡಲು ಈ ಸೋದರಮಾವನಿಗೆ ನಾಚಿಕೆಯಾಗುತ್ತಿದೆ.

ಮನೆಗೆ ಬ್ಯಾಟರಿ ಪಿಕಪ್ ಕೊಳ್ಳುವ ಮೊದಲು ನೀನು ಕೇಳಿದ್ದು ಒಂದೇ: "ಮಾವ, ಜೇನುಪೆಟ್ಟಿಗೆ ಸಾಗಿಸಲೆ ಅಡ್ಡಿಲ್ಯ?" ನಾನೋ, ಸ್ಟೇರಿಂಗ್ ಹಿಡಿದೇ ಕೂದಲು ಹಣ್ಣಾದವನೆಂಬ ಜಂಬದವನು. ಶೋರೂಮಿನವರು ಪರೀಕ್ಷೆಗೆ ಕೊಟ್ಟ ಗಾಡಿಗೆ ಅಡಿಕೆ ಚೀಲ ಭರ್ತಿ ತುಂಬಿಸಿ ಶಿರಸಿಗೆ ಹೋಗಿಬಂದೆ. ತಿರುವಿನಲ್ಲಿ ವಾಲಲಿಲ್ಲ, ಹೊಂಡದಲ್ಲಿ ಎಗರಲಿಲ್ಲ, ಏರಿನಲ್ಲಿ ಉಸ್ಸೆನ್ನಲಿಲ್ಲ. "ಹಾಲಿನ ಚೊಂಬು ಇಟ್ರೂ ಚೆಲ್ತಿಲ್ಲೆ, ತಗ" ಅಂದುಬಿಟ್ಟೆ. ನೀನು ಸಾಗಿಸುವುದು ಅಡಿಕೆಯಲ್ಲ ಎಂಬುದು ಈ ಮಂಡೆಗೆ ಹೊಳೆಯಲೇ ಇಲ್ಲ.

ಹೆಗ್ಗರಣೆಯ ಕಾಡಿನಲ್ಲಿ ಹೂ ಬಂದಿದೆಯೆಂದು ಕಳೆದ ವಾರ ನೀನು ಪೆಟ್ಟಿಗೆಗಳನ್ನು ಒಯ್ದೆ. ಇಳಿಸುವಾಗ ನೋಡಿದರೆ ಮೇಣದ ಎರಿಗಳು ಕಳಚಿ ಬಿದ್ದು, ಹುಳುಗಳು ತಮ್ಮದೇ ತುಪ್ಪದಲ್ಲಿ ಮುಳುಗಿ ಸತ್ತಿದ್ದವು. ಮನೆಯ ಅಂಗಳದಲ್ಲಿ ನಿನ್ನ ಅಪ್ಪ, ನಮ್ಮ ಸೀತಾರಾಮ ಭಾವ, ಕೂಗಾಡಿದ. ನೀನು ನನ್ನ ಕಡೆ ಒಮ್ಮೆ ನೋಡಿ, "ಆನೇ ಗಾಡಿ ಜೋರು ಬಿಟ್ಟಿ. ಮಾವ ಹೇಳಿದ್ದು ಸರಿ ಇತ್ತು" ಎಂದು ನನ್ನ ಮಾನ ಉಳಿಸಲು ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡೆ. ನಾನು ತಲೆಯಾಡಿಸಿದೆ! ಥೂ, ನನ್ನ ಜನ್ಮಕ್ಕೆ. "ಇನ್ನು ನೀ ಗಾಡಿ ಮುಟ್ಟಡ" ಎಂದು ಭಾವ ಕೀಲಿ ಕಸಿದುಕೊಂಡಾಗಲೂ ಬಾಯಿಬಿಡಲಿಲ್ಲ.

ನಿನ್ನೆ ಭಾವನಲ್ಲಿ ಗಾಡಿ ಕೇಳಿ ತಂದೆ. ಪಕ್ಕದ ಮನೆಯ ಉಲ್ಲಾಸನಿಗೆ ಓಡಿಸಲು ಹೇಳಿ, ಖಾಲಿ ಪೆಟ್ಟಿಗೆಗಳ ಜೊತೆ ಹಿಂದೆ ಕೂತೆ. ನಿಧಾನವೆಂದರೆ ನಿಧಾನ, ಸೈಕಲ್ಲಿನವನು ನಮ್ಮನ್ನು ದಾಟಿಕೊಂಡು ಹೋದ. ಆದರೂ ಒಂದೊಂದು ಹೊಂಡಕ್ಕೂ ಗಾಡಿ ನನ್ನನ್ನು ಎತ್ತಿ ಕುಕ್ಕಿತು. ಅಂಥ ಗಡಸು ಸ್ಪ್ರಿಂಗ್ ಮಣಿಯಲು ಮೇಲೆ ಅಡಿಕೆ ಚೀಲದಂಥ ಭಾರ ಬೇಕು. ಜೇನುಪೆಟ್ಟಿಗೆಗೆ ಎಲ್ಲಿಂದ ಬರಬೇಕು ಆ ಭಾರ? ಸೊಂಟ ಹಿಡಿದುಕೊಂಡು ಇಳಿದೆ. ನಿನ್ನ ಹುಳುಗಳನ್ನು ನೆನೆದು ಕಣ್ಣಲ್ಲಿ ನೀರು ಬಂತು.

ನೇರ ಭಾವನ ಬಳಿ ಹೋಗಿ ತಪ್ಪು ನನ್ನದೆಂದೆ. ಅವನು ಏನೆಂದ ಗೊತ್ತೆ? "ಕೂಸಿನ ತಪ್ಪು ಮುಚ್ಚಲೆ ಹೇಳ್ತಾ ಇದ್ದೆ ನೀನು. ದೊಡ್ಡ ಮನಸ್ಸು ಮಾರಾಯ ನಿಂದು!" ಬೈದಿದ್ದರೆ ಸಹಿಸುತ್ತಿದ್ದೆ. ಹೊಗಳಿಬಿಟ್ಟ!

ಕಡೆಗೂ ಹಟ ಹಿಡಿದು ಅವನನ್ನು ಒಪ್ಪಿಸಿದ್ದೇನೆ. ಈ ಕಾಗದ ಇವತ್ತೇ ಉಲ್ಲಾಸನ ಕೈಯಲ್ಲಿ ಕಳಿಸುತ್ತೇನೆ; ನಾಳೆ ಬೆಳಿಗ್ಗೆ ಅದೇ ಹೆಗ್ಗರಣೆ ದಾರಿ. ಓಡಿಸುವವಳು ನೀನು. ಹಿಂದೆ, ಪೆಟ್ಟಿಗೆಗಳಿದ್ದ ಜಾಗದಲ್ಲಿ, ನಿನ್ನ ಅಪ್ಪ ಮತ್ತು ನಾನು. ನಮ್ಮ ಮೇಲೆ ಕನಿಕರವೂ ಬೇಡ, ಸಿಟ್ಟೂ ಬೇಡ. ಅವತ್ತು ಎಷ್ಟು ನಿಧಾನ ಹೋಗಿದ್ದೆಯೋ ಅಷ್ಟೇ ನಿಧಾನ ಹೋಗು.

ಉಳಿದ ಹುಳುಗಳು ನಿನ್ನನ್ನು ಬಿಟ್ಟು ಹಾರದಿರಲಿ.

ತಲೆ ತಗ್ಗಿಸಿ ಕೂತಿರುವ,
ನಿನ್ನ ಮಧುಕೇಶ್ವರ ಮಾವ